ಬಲಗಾಲಿಗೊಂದು ಉದ್ದ ಸಾಕ್ಸ್

ಬಿಳಿ, ಮತ್ತೆ ಬಿಳಿ, ಅದರ ಮೇಲೆ ನೀಲಿ ಗೆರೆಯ ಬಿಳಿ — ಈ ಸತೀಶನ ಅಂಗಡಿಯಲ್ಲಿ ಬಿಳಿ ಬಿಟ್ಟು ಬೇರೆ ಬಣ್ಣವೇ ಇಲ್ಲವೇನೋ, ಗಾಜಿನ ಕೌಂಟರಿನ ಮೇಲೆ ಉದ್ದುದ್ದ ಸಾಕ್ಸುಗಳು ಒಂದರ ಮೇಲೊಂದು ಬಂದು ಬೀಳುತ್ತಿವೆ, ತಲೆಯ ಮೇಲೆ ಫ್ಯಾನು ಕಟಕಟ ಎನ್ನುತ್ತ ತಿರುಗುತ್ತಿದೆ, ಆ ಗಾಳಿಗೆ ಕೌಂಟರಿನ ಅಂಚಿನಿಂದ ಇಳಿಬಿದ್ದ ಸಾಕ್ಸೊಂದು ಮೆಲ್ಲಗೆ ಅಲ್ಲಾಡುತ್ತಿದೆ, ಒಳಗೆ ಕಾಲಿದ್ದ ಹಾಗೆ, ಅಲ್ಲ, ಇದ್ದ ಕಾಲು ಈಗಷ್ಟೇ ಹೋದ ಹಾಗೆ, ಥೂ, ಎಂಥ ಯೋಚನೆ ಇದು, ವಿಜಯಕುಮಾರ ಕಣ್ಣು ಆಚೆ ತಿರುಗಿಸಿದ. ಹೊರಗೆ ದುರ್ಗಿಗುಡಿಯ ಶನಿವಾರ ಸಂಜೆ, ಸ್ಕೂಟರು, ಹೂವಿನವಳು, ಗಾಡಿ ನಿಲ್ಲಿಸುವ ಜಾಗಕ್ಕೆ ಜಗಳ, ಎಲ್ಲರೂ ತಮ್ಮ ತಮ್ಮ ಕಾಲ ಮೇಲೆ ಆರಾಮಾಗಿ ನಿಂತುಕೊಂಡು ಜಗಳವಾಡುತ್ತಿದ್ದಾರೆ. ಅಪ್ಪಾ ಇಲ್ಲಿ ನೋಡು, ಅಕ್ಷರಾ ಅವನ ತೋಳು ಹಿಡಿದು ಎಳೆದಳು, ನಾಳೆ ಇಬ್ರೂ ಇದನ್ನೇ ಹಾಕ್ಕೊಳೋಣ, ಮಂಡಿವರೆಗೂ ಬರತ್ತೆ, ಮೇಲ್ಗಡೆ ಎರಡು ನೀಲಿ ಗೆರೆ, ಫೋಟೋದಲ್ಲಿ ಸಖತ್ತಾಗಿರತ್ತೆ. ಹತ್ತೊಂಬತ್ತರ ಮಗಳು, ನಾಳೆ ಅವಳ ಮೊದಲ ದೂರದ ಸವಾರಿ, ಶಿವಮೊಗ್ಗದಿಂದ ಭದ್ರಾವತಿ, ಅಲ್ಲಿಂದ ವಾಪಸ್ಸು, ಹೋಗಿ ಬಂದರೆ ನಲವತ್ತು ಕಿಲೋಮೀಟರಿಗೆ ಹತ್ತಿರ, ಸೈಕಲ್ ಗುಂಪಿನ ಇಪ್ಪತ್ತೆರಡು ಜನ, ಎಲ್ಲರಿಗಿಂತ ಮುಂದೆ ವಿಜಯಕುಮಾರ, ಅವನ ಬೆನ್ನಿಗೇ ಅಕ್ಷರಾ, ಒಂದು ವಾರದಿಂದ ಮನೆಯಲ್ಲಿ ಬೇರೆ ಮಾತಿಲ್ಲ. ಬಿಳಿ ಬೇಡ ಮಗಳೇ, ಎಂದ. ಎಂದದ್ದು ಸ್ವಲ್ಪ ಜೋರಾಯಿತು. ಸತೀಶ ತಲೆಯೆತ್ತಿ ನೋಡಿದ, ವಿಜಯಕುಮಾರನ ಹಳೆಯ ವಿದ್ಯಾರ್ಥಿ, ಪಿಯುಸಿಯಲ್ಲಿ ಫಿಸಿಕ್ಸಿಗೆ ಎರಡು ಸಲ ಕೂತು ಪಾಸಾದವನು. ಚೈನಿನ ಗ್ರೀಸು ಹತ್ತತ್ತೆ, ಬಿಳಿ ತಡೆಯಲ್ಲ, ಕಪ್ಪು ಕೊಡು ಸತೀಶ, ಉದ್ದದ್ದೇ ಕೊಡು, ದಪ್ಪಗಿರಲಿ.

ಗ್ರೀಸಂತೆ ಗ್ರೀಸು. ಆರು ವರ್ಷದಿಂದ ಸೈಕಲ್ ತುಳಿಯುತ್ತಿರುವವನಿಗೆ ಇವತ್ತು ಗ್ರೀಸಿನ ಚಿಂತೆ ಬಂತು. ವಿನೋಬನಗರದ ಮನೆಯ ಫ್ರಿಜ್ಜಿನ ಬಾಗಿಲಿಗೆ ತನುಜಾ ಒಂದು ಹಾಳೆ ಅಂಟಿಸಿದ್ದಾಳೆ, ಡಾಕ್ಟರು ಕೊಟ್ಟದ್ದು, ಸಕ್ಕರೆ ಕಾಯಿಲೆಯವರ ಪಾದದ ಆರೈಕೆ, ಒಂದರಿಂದ ಹನ್ನೆರಡು, ಹಾಲು ತೆಗೆಯುವಾಗ ಮೊಸರು ಇಡುವಾಗ ದಿನಕ್ಕೆ ಹತ್ತು ಸಲ ಕಣ್ಣಿಗೆ ಬೀಳುತ್ತದೆ, ಹೆಂಡತಿಯಾದವಳು ಬಾಯಲ್ಲಿ ಹೇಳಿದ್ದನ್ನಾದರೆ ಕೇಳದೆ ಇರಬಹುದು, ಫ್ರಿಜ್ಜಿನ ಬಾಗಿಲನ್ನು ತೆಗೆಯದೆ ಇರಲಾಗುತ್ತದೆಯೇ, ನಾಲ್ಕನೆಯದು ಅವನಿಗೆ ಬಾಯಿಪಾಠ, ಬಿಳಿ ಸಾಕ್ಸನ್ನೇ ಧರಿಸಿ, ಗಾಯವಾಗಿದ್ದರೆ ಕಲೆ ಕೂಡಲೇ ಕಾಣುತ್ತದೆ, ಐದನೆಯದು ಬಿಗಿಯಾದ ಉದ್ದ ಸಾಕ್ಸ್ ಬೇಡ, ಆರನೆಯದು ಬರಿಗಾಲಲ್ಲಿ ನಡೆಯಬೇಡಿ. ಕಲೆ ಕೂಡಲೇ ಕಾಣುತ್ತದೆ — ತೊಂದರೆ ಇರುವುದೇ ಅಲ್ಲಿ. ಕಾಣಬಾರದು. ನಾಳೆ ಒಂದು ದಿನದ ಮಟ್ಟಿಗೆ ಕಾಣಬಾರದು. ಎಡಗಾಲಿನ ಶೂ ಒಳಗೆ ಈಗ ಹತ್ತಿ ಇದೆ, ಹತ್ತಿಯ ಮೇಲೆ ಪ್ಲಾಸ್ಟರು ಇದೆ, ಮಧ್ಯಾಹ್ನ ಕಾಲೇಜಿನ ಶೌಚಾಲಯದಲ್ಲಿ ಬಾಗಿಲು ಹಾಕಿಕೊಂಡು ಬದಲಾಯಿಸಿದ್ದು, ಉದ್ದ ಸಾಕ್ಸಾದರೆ ಅದನ್ನೆಲ್ಲ ಜಾರದಂತೆ ಹಿಡಿದಿಡುತ್ತದೆ, ಕಣಕಾಲಿಗೆ ಏರಿರುವ ಊತವನ್ನೂ ಮುಚ್ಚುತ್ತದೆ, ಕಪ್ಪಾದರೆ ಏನು ಸೋರಿದರೂ ಕಪ್ಪೇ. ಸೋಮವಾರ ಡಾಕ್ಟರ ಹತ್ತಿರ ಹೋಗುವುದು, ಖಂಡಿತ, ಸೋಮವಾರ ಬೆಳಿಗ್ಗೆ ಮೊದಲ ಟೋಕನ್ನೇ ತನ್ನದು. ಹೋದ ಸೋಮವಾರವೂ ಹೀಗೇ ಅಂದುಕೊಂಡಿದ್ದ. ಇರಲಿ, ಒಂದು ಕಾಲು ತಾನೇ, ಬಲಗಾಲು ಸರಿ ಇದೆ, ಬಲಗಾಲಿಗೆ ಏನೂ ಆಗಿಲ್ಲ, ಬಲಗಾಲಿನಲ್ಲಿ ಒತ್ತಿ ತುಳಿದರೆ ಎಡಗಾಲು ಸುಮ್ಮನೆ ಪೆಡಲಿನ ಮೇಲೆ ಕೂತು ಬರುತ್ತದೆ, ನಿದಿಗೆ ದಾಟಿದರೆ ಮಾಚೇನಹಳ್ಳಿ, ಮಾಚೇನಹಳ್ಳಿ ದಾಟಿದರೆ ಭದ್ರಾವತಿ ಬಂದ ಹಾಗೆಯೇ.

ಹನ್ನೊಂದು ದಿನವಾಯಿತು. ಆ ಮಂಗಳವಾರ ಬೆಳಿಗ್ಗೆ ಎಂದಿನಂತೆ ಸಾಗರದ ರಸ್ತೆಯಲ್ಲಿ ತ್ಯಾವರೆಕೊಪ್ಪದವರೆಗೆ ಹೋಗಿದ್ದ, ಅಲ್ಲಿ ಸಿಂಹಧಾಮದ ಬೇಲಿಯಾಚೆ ಸಿಂಹ ಕೂಗುವುದನ್ನು ಕೇಳಿದರೆ ಅವನಿಗೆ ದಿನವೆಲ್ಲ ಒಂದು ಹುರುಪು, ಕೇಳಲೆಂದೇ ಸೈಕಲ್ ಒರಗಿಸಿ ಹುಲ್ಲಿನಲ್ಲಿ ನಾಲ್ಕು ಹೆಜ್ಜೆ ಒಳಗೆ ಹೋದ, ಸಿಂಹ ಕೂಗಿತೋ ಇಲ್ಲವೋ ಈಗ ನೆನಪಿಲ್ಲ, ಜಾಲಿ ಮುಳ್ಳೊಂದು ಹಳೆಯ ಕ್ಯಾನ್ವಾಸ್ ಶೂ ಒಳಗೆ ಹೊಕ್ಕದ್ದಂತೂ ಗೊತ್ತಾಗಲೇ ಇಲ್ಲ. ಅದನ್ನು ಒಳಗಿಟ್ಟುಕೊಂಡೇ ಹತ್ತು ಕಿಲೋಮೀಟರ್ ವಾಪಸ್ ತುಳಿದ, ಎರಡು ಕ್ಲಾಸು ತೆಗೆದುಕೊಂಡ, ಘರ್ಷಣೆಯ ಪಾಠ ಮಾಡಿದ, ಹುಡುಗರು ನಕ್ಕರು, ಸಂಜೆ ಮನೆಗೆ ಬಂದು ಶೂ ಬಿಚ್ಚಿ, ಕಾಲು ತೊಳೆದು, ನಡುಮನೆಗೆ ಬಂದು ನೋಡಿದರೆ ನೆಲದ ಮೇಲೆ ಕೆಂಪು ಚುಕ್ಕಿ, ಒಂದಡಿ ಬಿಟ್ಟು ಇನ್ನೊಂದು, ಇನ್ನೊಂದಡಿ ಬಿಟ್ಟು ಮತ್ತೊಂದು, ಅಕ್ಷರಾ ಉಗುರಿನ ಬಣ್ಣ ಚೆಲ್ಲಿಕೊಂಡು ಓಡಾಡಿದ್ದಾಳೆ ಎಂದುಕೊಂಡ, ಈ ಹುಡುಗಿಗೆ ಯಾವಾಗ ಬುದ್ಧಿ ಬರುತ್ತದೋ ಎಂದು ಗೊಣಗಿಕೊಂಡೇ ಚುಕ್ಕಿಗಳ ಬೆನ್ನುಹತ್ತಿ ಬಚ್ಚಲ ಬಾಗಿಲಿನವರೆಗೆ ಹೋದ, ತಿರುಗಿ ನೋಡಿದರೆ ಚುಕ್ಕಿಗಳು ಎರಡು ಸಾಲಾಗಿವೆ. ಆಗ ಕೂತ. ಕೂತು ಎಡಗಾಲನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, ಬೇರೆ ಯಾರದೋ ಮನೆಯ ಮಗುವಿನ ಕಾಲನ್ನು ನೋಡುವಂತೆ ತಿರುಗಿಸಿ ನೋಡಿದ. ಕಾಲೊರೆಸುವ ಬಟ್ಟೆಯಿಂದ ನೆಲ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಸುತ್ತಿ, ಕಸದ ಗಾಡಿಗೆ ತಾನೇ ಹಾಕಿ ಬಂದ.

ಆಮೇಲೆ ಮಾಡಿದ್ದನ್ನು ನೆನೆದರೆ ನಾಚಿಕೆಯಾಗುತ್ತದೆ. ಯಾರಾದರೂ ಕೇಳಿದರೆ ನಕ್ಕುಬಿಟ್ಟಾರು, ಎಂಎಸ್ಸಿ ಮಾಡಿ ಇಪ್ಪತ್ತಾರು ವರ್ಷ ಪಾಠ ಹೇಳಿದವನು ಗಾಯಕ್ಕೆ ವಿಭೂತಿ ತುಂಬಿದ. ಅವ್ವ ಇದ್ದಾಗ ಎಲ್ಲದಕ್ಕೂ ಅದೇ, ಬಿದ್ದರೆ ವಿಭೂತಿ, ಕುಯ್ದುಕೊಂಡರೆ ವಿಭೂತಿ, ಚೇಳು ಕಡಿದರೂ ಮೊದಲು ವಿಭೂತಿ ಆಮೇಲೆ ಆಸ್ಪತ್ರೆ, ಒಣಗತ್ತೆ ಬಿಡೋ ಅಪ್ಪಿ, ಶಿವ ಅದಾನೆ, ಎಂದು ಅವ್ವ ಕಲ್ಲಮ್ಮ ಬೆರಳಲ್ಲಿ ಒತ್ತಿ ಊದುತ್ತಿದ್ದಳು, ಒಣಗುತ್ತಲೂ ಇತ್ತು, ಆ ವಯಸ್ಸಿನಲ್ಲಿ ಮಣ್ಣು ಹಚ್ಚಿದ್ದರೂ ಒಣಗುತ್ತಿತ್ತು. ದಿನಾ ಬೆಳಿಗ್ಗೆ ಸ್ನಾನ ಮುಗಿಸಿ ಲಿಂಗಪೂಜೆಗೆ ಕೂತಾಗ ಹಣೆಗೆ ಮೂರು ಬೆರಳು ಎಳೆದ ಮೇಲೆ ದೇವರ ಕೋಣೆಯ ಬಾಗಿಲು ಒಂದಿಷ್ಟು ಮುಂದೆ ಮಾಡಿ, ವಿಭೂತಿ ಗಟ್ಟಿಯನ್ನು ಚಮಚದಿಂದ ಕೆರೆದು, ಪಾದದಡಿಯ ಆ ತೂತಿಗೆ ಒತ್ತಿ ಒತ್ತಿ ತುಂಬುತ್ತಾನೆ, ಲಿಂಗ ಹಿಡಿದ ಕೈಯಲ್ಲೇ, ತಪ್ಪು ಎಂದು ಗೊತ್ತು, ಮೇಲೆ ಒಣಗಿದ ಹಾಗೆ ಬೆಳ್ಳಗೆ ಕಾಣುತ್ತದೆ, ಒಳಗೆ ಏನಾಗಿದೆಯೋ. ಮೊನ್ನೆ ತನುಜಾ ಗಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದಳು, ಏನ್ರೀ ಇದು, ಹೋದ ತಿಂಗಳು ತಂದಿದ್ದು, ಅರ್ಧ ಸವೆದೇ ಹೋಗಿದೆ, ಭಕ್ತಿ ಜಾಸ್ತಿ ಆಯ್ತಾ ಯಜಮಾನ್ರಿಗೆ, ಇನ್ನೇನು ಮಠಕ್ಕೆ ಹೋಗ್ತೀರೋ ಹೇಗೆ. ಅವನು ನಕ್ಕ. ಅವಳೂ ನಕ್ಕಳು. ನಿನ್ನೆ ರಾತ್ರಿಯಿಂದ ಗಾಯದ ಹತ್ತಿರ ಒಂದು ವಾಸನೆ, ತುಂಬಾ ಅಲ್ಲ, ಬಗ್ಗಿದರೆ ಮಾತ್ರ, ಹೂದಾನಿಯಲ್ಲಿ ಉಳಿದುಹೋದ ನೀರಿನ ಥರ, ಅದಕ್ಕೇ ಶೂ ಒಳಗೆ ಪೌಡರ್ ಸುರಿದಿದ್ದಾನೆ, ಅದಕ್ಕೇ ಈ ಅಂಗಡಿಯಲ್ಲಿ ಎಡಗಾಲಿನ ಶೂ ಬಿಚ್ಚಬಾರದು.

ಕಪ್ಪು ಎರಡು ಥರ ಇದೆ ಸಾರ್, ಸತೀಶ ಒಳಗಿನ ಕಪಾಟಿನಿಂದ ಬಂದ, ಒಂದು ಮೀನಖಂಡದವರೆಗೆ, ಇನ್ನೊಂದು ಪೂರ್ತಿ ಮಂಡಿ ಕೆಳಗಿನವರೆಗೆ, ಇಲಾಸ್ಟಿಕ್ ಇದರಲ್ಲಿ ಸ್ವಲ್ಪ ಟೈಟು. ಟೈಟೇ ಇರ್ಲಿ, ಎಂದ ವಿಜಯಕುಮಾರ. ಅಪ್ಪಾ, ಟೈಟ್ ಬೇಡ ಅಂತ ಹಾಳೆಯಲ್ಲಿ ಇದೆ, ಅಕ್ಷರಾ ಎಂದಳು, ಓ, ಇವಳೂ ಓದಿದ್ದಾಳೆ, ಈ ಮನೆಯಲ್ಲಿ ಆ ಹಾಳೆಯನ್ನು ಓದದವರು ಬೆಕ್ಕು ಒಂದೇ ಇರಬೇಕು. ಸೈಕಲ್‌ಗೆ ಟೈಟ್ ಬೇಕಾಗತ್ತೆ ಮಾರಾಯ್ತಿ, ದೊಡ್ಡಪ್ಪ ಮೂವತ್ತು ವರ್ಷ ಹಾಕಿದ್ದು ಇಂಥದ್ದೇ. ಎಂದುಬಿಟ್ಟ, ಎಂದ ಮೇಲೆ ನಾಲಿಗೆ ಕಚ್ಚಿಕೊಂಡ, ಎಲ್ಲ ಬಿಟ್ಟು ಅಣ್ಣ ಮಲ್ಲಿಕಣ್ಣನ ಮಾತು ಈಗ ಯಾಕೆ ಬಂತು.

ಮಲ್ಲಿಕಣ್ಣ, ಭದ್ರಾವತಿಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ, ಬೆಳಿಗ್ಗೆ ಸೈರನ್ನಿಗೆ ಮೊದಲು ಖಾಕಿ ಪ್ಯಾಂಟಿನ ತುದಿಯನ್ನು ಉದ್ದ ಸಾಕ್ಸಿನೊಳಗೆ ತುರುಕಿ, ಚೈನಿಗೆ ಸಿಗಬಾರದಲ್ಲ, ಟಿಫನ್ ಕ್ಯಾರಿಯರ್ ಹ್ಯಾಂಡಲಿಗೆ ನೇತುಹಾಕಿ ಹೊರಟರೆ ನ್ಯೂಟೌನಿನ ರಸ್ತೆಯ ತುಂಬ ಅಂಥವೇ ನೂರಾರು ಸೈಕಲ್ಲು, ತಮಿಳು ತೆಲುಗು ಕನ್ನಡ ಎಲ್ಲ ಬೈಗುಳ ಕಲಸಿಕೊಂಡು, ಚಿಕ್ಕ ವಿಜಿಗೆ ಅಣ್ಣನ ಆ ಸಾಕ್ಸು ಕಂಡರೆ ಪೊಲೀಸನ ಪಟ್ಟಿ ಕಂಡಷ್ಟು ಗೌರವ. ಆಮೇಲೆ ನಿವೃತ್ತಿ, ಆಮೇಲೆ ಶುಗರ್, ಆಮೇಲೆ ಚಪ್ಪಲಿ ಕಚ್ಚಿದ ಒಂದು ಬೊಬ್ಬೆ, ಏನಿಲ್ಲ ಮಾರಾಯ, ಬೊಬ್ಬೆ, ಎರಡು ದಿನಕ್ಕೆ ಹೋಗತ್ತೆ. ಹೋಯಿತು, ಬೊಬ್ಬೆಯೂ ಹೋಯಿತು, ಬೆರಳೂ ಹೋಯಿತು, ಮೂರು ತಿಂಗಳಲ್ಲಿ ಮಂಡಿಯ ಕೆಳಗೆ ಏನೂ ಉಳಿಯಲಿಲ್ಲ. ಈಗ ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿರುತ್ತಾನೆ, ಉಳಿದ ಒಂದು ಕಾಲಿಗೆ ಈಗಲೂ ಉದ್ದ ಸಾಕ್ಸ್ ಎಳೆದುಕೊಂಡು, ಹೋದವರಿಗೆಲ್ಲ ಅದೇ ತಮಾಷೆ, ಒಂದು ಜೊತೆ ತಂದ್ರೆ ಎರಡು ವರ್ಷ ಬಾಳತ್ತೆ ಕಣೋ ವಿಜಿ, ಉಳಿತಾಯ. ಅದನ್ನು ಮೊದಲ ಸಲ ಕೇಳಿದವತ್ತು ವಿಜಯಕುಮಾರ ನಕ್ಕು, ಕಾಫಿ ಕುಡಿದು, ಸೈಕಲ್ ಹತ್ತಿ ಹೊರಟವನು ಮಾಚೇನಹಳ್ಳಿಯ ಹತ್ತಿರ ಇಳಿದು ರಸ್ತೆ ಬದಿಯ ಮೋರಿಕಟ್ಟೆಯ ಮೇಲೆ ಅರ್ಧ ಗಂಟೆ ಕೂತಿದ್ದ, ಲಾರಿಗಳು ಹೋಗುತ್ತಿದ್ದವು, ಅಳು ಬರುತ್ತಿತ್ತು, ಅಣ್ಣನಿಗಾಗಿ ಎಂದುಕೊಂಡಿದ್ದ. ನಾಳೆ ತಿಂಡಿ ಅವನ ಮನೆಯಲ್ಲೇ, ಇಪ್ಪತ್ತೆರಡು ಜನಕ್ಕೆ ಅತ್ತಿಗೆ ಉಪ್ಪಿಟ್ಟು ಮಾಡುತ್ತಾಳೆ, ಮಲ್ಲಿಕಣ್ಣ ಕುರ್ಚಿಯಿಂದ ಎಲ್ಲರ ಕಾಲು ನೋಡುತ್ತಾನೆ, ಕಾಲು ಕಳೆದುಕೊಂಡವನ ಕಣ್ಣಿಗೆ ಮೊದಲು ಬೀಳುವುದೇ ಕಾಲು, ಯಾಕೋ ವಿಜಿ ಕುಂಟ್ತಾ ಇದೀಯ, ಎಂದು ಅಷ್ಟು ಜನರೆದುರು ಕೇಳಿಬಿಟ್ಟರೆ. ಕೇಳಲಿ, ಕುಂಟುವುದಿಲ್ಲ, ಕುಂಟಲು ನೋವಾದರೂ ಬೇಕಲ್ಲ.

ನೋವಾದರೂ ಬೇಕಲ್ಲ — ಅದನ್ನು ಯೋಚಿಸಬಾರದು. ಸೈಕಲ್ ಬಿಡಬೇಕು ಎಂದರೆ ಏನು ಮಾಡುವುದು ಎಂಬುದನ್ನೂ ಯೋಚಿಸಬಾರದು. ಶುಗರ್ ಎಂದು ಗೊತ್ತಾದಾಗ ಎರಡು ತಿಂಗಳು ಹಾಸಿಗೆ ಬಿಟ್ಟು ಏಳದವನನ್ನು ಎಬ್ಬಿಸಿದ್ದೇ ಸೈಕಲ್ಲು, ತುಳಿದರೆ ಮಲ್ಲಿಕಣ್ಣನ ಕುರ್ಚಿ ಒಂದೊಂದು ಮಾರು ಹಿಂದೆ ಸರಿಯುತ್ತದೆ, ನಿಲ್ಲಿಸಿದರೆ ಹತ್ತಿರ ಬರುತ್ತದೆ, ಅಷ್ಟು ಸರಳ ಲೆಕ್ಕ. ಹಾಗಂದುಕೊಂಡೇ ತಾನೇ ನಾಲ್ಕು ತಿಂಗಳ ಹಿಂದೆ ಡಾಕ್ಟರಿಗೂ ಮೋಸ ಮಾಡಿದ್ದು. ಕಣ್ಣು ಮುಚ್ಚಿಕೊಳ್ಳಿ ವಿಜಯಕುಮಾರ್, ದಾರದಿಂದ ಮುಟ್ತೀನಿ, ಗೊತ್ತಾದಾಗ ಹೂಂ ಅನ್ನಿ. ಮುಚ್ಚಿದ, ಪೂರ್ತಿ ಅಲ್ಲ, ರೆಪ್ಪೆಯ ಸಂದಿಯಲ್ಲಿ ಡಾಕ್ಟರ ಬಿಳಿ ತೋಳು ಮುಂದೆ ಹೋಗುವುದು ಹಿಂದೆ ಬರುವುದು ಕಾಣುತ್ತಿತ್ತು, ಮುಂದೆ ಹೋದಾಗಲೆಲ್ಲ ಹೂಂ, ಹೂಂ, ಕಾಪಿ ಹೊಡೆಯುವ ಹುಡುಗರನ್ನು ಇಪ್ಪತ್ತಾರು ವರ್ಷ ಹಿಡಿದು ಹೊರಗೆ ಹಾಕಿದವನಿಗೆ ಕಾಪಿ ಹೊಡೆಯುವ ಎಲ್ಲ ವಿದ್ಯೆಯೂ ಗೊತ್ತು. ಎಡಗಾಲಿಗೆ ಹೂಂ. ಬಲಗಾಲಿಗೂ ಹೂಂ. ವೆರಿ ಗುಡ್, ಎಂದು ಡಾಕ್ಟರು ಬರೆದುಕೊಂಡರು. ಎಡಗಾಲಿನದು ಸುಳ್ಳು, ಒಪ್ಪಿದ, ಬಲಗಾಲಿನದು ಸುಳ್ಳಲ್ಲ, ಬಲಗಾಲಿನಲ್ಲಿ ನಿಜವಾಗಿಯೂ ಏನೋ ಗೊತ್ತಾದಂತಿತ್ತು, ಗೊತ್ತಾಯಿತು, ಗೊತ್ತಾಗಿರಲೇಬೇಕು.

ಹಾಕ್ಕೊಂಡು ನೋಡಪ್ಪಾ, ಅಕ್ಷರಾ ಸ್ಟೂಲು ಎಳೆದಳು. ಬೇಡ, ಸಾಕ್ಸನ್ನ ಯಾರಾದ್ರೂ ಹಾಕಿ ನೋಡ್ತಾರಾ. ಯಾರಿಗೂ ಕೊಡಲ್ಲ ಸಾರ್, ನಿಮಗಾದ್ರೆ ಪರವಾಗಿಲ್ಲ, ನಾಳೆ ದೂರ ಹೋಗೋರು, ಒಂದು ಸಲ ಹಾಕಿ ನಾಲ್ಕು ಹೆಜ್ಜೆ ನಡೀರಿ, ಸತೀಶ ಭಕ್ತಿಯಿಂದ ಸ್ಟೂಲಿನ ಧೂಳು ಒರೆಸುತ್ತಿದ್ದಾನೆ, ಹಾಳಾದವನು, ಪರೀಕ್ಷೆಯಲ್ಲಿ ಇಷ್ಟು ಶ್ರದ್ಧೆ ತೋರಿಸಿದ್ದರೆ. ಇನ್ನು ಬೇಡವೆಂದರೆ ಅಕ್ಷರಾ ಯಾಕೆ ಎನ್ನುತ್ತಾಳೆ, ಯಾಕೆ ಎಂದು ಒಂದು ಸಲ ಕೇಳಿದರೆ ಇವಳು ಬಿಡುವವಳಲ್ಲ, ತಾಯಿಯ ಮಗಳು. ಕೂತ. ಕೂತು, ಏನೂ ಆಗದವನಂತೆ, ಎಡಗಾಲನ್ನು ಸ್ಟೂಲಿನ ಕೆಳಗೆ ಒಳಕ್ಕೆ ಎಳೆದುಕೊಂಡು ಬಲಗಾಲನ್ನು ಮುಂದೆ ಚಾಚಿದ, ಲೇಸು ಬಿಚ್ಚಿದ, ಒಂದು ಕಾಲಿಗೆ ಸರಿಹೋದರೆ ಇನ್ನೊಂದಕ್ಕೆ ಹೋಗದೆ ಇರುತ್ತದಾ, ಎಂದು ನಕ್ಕ. ಕಪ್ಪು ಜೋಡಿಗೆ ಸಿಕ್ಕಿಸಿದ್ದ ಬೆಲೆ ಚೀಟಿಯನ್ನು ಕಿತ್ತು ಕೌಂಟರಿನ ಮೇಲೆ ಹಾಕಿ, ಒಂದು ಸಾಕ್ಸನ್ನು ಪಾದಕ್ಕೆ ತೊಡಿಸಿ ಎಳೆದ, ಕಣಕಾಲು ದಾಟಿತು, ಮೀನಖಂಡ ದಾಟಿತು, ಪ್ಯಾಂಟಿನೊಳಗೆ ಮಂಡಿಯ ಕೆಳಗೆ ಹೋಗಿ ಗಪ್ಪನೆ ಹಿಡಿಯಿತು, ಆ ಹಿಡಿತ ಗೊತ್ತಾಗುತ್ತದೆ, ನೋಡಿ, ಅಷ್ಟು ಚೆನ್ನಾಗಿ ಗೊತ್ತಾಗುತ್ತದೆ, ಬಲಗಾಲು ಅಂದರೆ ಬಲಗಾಲು, ಎದೆಯ ಮೇಲಿನ ಭಾರ ಒಂದಿಷ್ಟು ಇಳಿಯಿತು. ಹೇಗಿದೆ ಅಪ್ಪಾ. ಬೆಣ್ಣೆ ಇದ್ದ ಹಾಗಿದೆ ಮಗಳೇ, ಎಂದು ಎದ್ದು ನಿಂತ.

ನಿಂತ ಕ್ಷಣಕ್ಕೇ ಕರೆಂಟು ಹೋಯಿತು. ಫ್ಯಾನಿನ ಕಟಕಟ ನಿಧಾನವಾಗಿ ನಿಂತಿತು, ಪಕ್ಕದ ಮೊಬೈಲ್ ಅಂಗಡಿಯ ಹಾಡು ಅರ್ಧಕ್ಕೆ ಕತ್ತರಿಸಿತು, ಅಂಗಡಿಯೊಳಗೆ ಬಾಗಿಲಿನ ಬೆಳಕಷ್ಟೇ, ನಡೀರಿ ಸಾರ್, ಈಗ ಬರತ್ತೆ, ಎಂದ ಸತೀಶ. ವಿಜಯಕುಮಾರ ಕಪಾಟಿನ ಕಡೆಗೆ ನಡೆದ, ಎಡಗಾಲಿಗೆ ಶೂ, ಬಲಗಾಲಿಗೆ ಬರೀ ಸಾಕ್ಸು, ಟಿಕ್. ಕ್ರಿಕೆಟ್ ಬ್ಯಾಟುಗಳ ಪಕ್ಕ ಹೋದ, ಟಿಕ್. ಯಾವುದೋ ಗಡಿಯಾರ. ಗಡಿಯಾರವಾದರೆ ಸಮ ಅಂತರ ಇರಬೇಕು, ಇದು ಹಾಗಿಲ್ಲ, ತಾನು ನಿಂತರೆ ನಿಲ್ಲುತ್ತದೆ, ನಿಂತು ಕಿವಿಗೊಟ್ಟ, ಏನೂ ಇಲ್ಲ, ಒಂದು ಹೆಜ್ಜೆ ಇಟ್ಟ, ಎಡಗಾಲು, ಇಲ್ಲ, ಇನ್ನೊಂದು ಹೆಜ್ಜೆ, ಬಲಗಾಲು, ಟಿಕ್. ಟೈಲ್ಸು ಸಡಿಲ ಇರಬೇಕು ಸತೀಶ ನಿಂದು, ಎಂದ. ಸತೀಶ ಕೌಂಟರಿನ ಮೇಲಿನ ಬೆಲೆ ಚೀಟಿಯನ್ನು ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದ, ನೆಲದ ಮೇಲೆ ಏನನ್ನೋ ಹುಡುಕುತ್ತಿದ್ದ. ಸಾರ್, ಇದಕ್ಕೊಂದು ಗುಂಡುಸೂಜಿ ಚುಚ್ಚಿದ್ದೆ. ಬಿದ್ದಿರತ್ತೆ ಬಿಡು, ಎಂದು ವಿಜಯಕುಮಾರ ಇನ್ನೊಂದು ಹೆಜ್ಜೆ ಇಟ್ಟ, ಟಿಕ್, ಮೂವರಿಗೂ ಕೇಳಿತು. ಅಪ್ಪಾ ನಿಂತ್ಕೋ, ಎಂದಳು ಅಕ್ಷರಾ, ಅವಳ ದನಿ ಬೇರೆಯೇ ಆಗಿತ್ತು, ಅಲ್ಲೇ ನಿಂತ್ಕೋ, ಕಾಲೆತ್ತು.

ಸತೀಶ ಸ್ಟೂಲು ತಂದು ಹಿಂದೆ ಇಟ್ಟ, ಅವನು ಕೂತ, ಅವಳು ನೆಲದ ಮೇಲೆ ಮಂಡಿಯೂರಿ ಅಪ್ಪನ ಬಲಪಾದವನ್ನು ತೊಡೆಯ ಮೇಲೆ ತೆಗೆದುಕೊಂಡಳು, ಸತೀಶನ ಮೊಬೈಲಿನ ಬೆಳಕು ಬಿತ್ತು, ಕಪ್ಪು ಸಾಕ್ಸಿನಡಿ, ಹೆಬ್ಬೆರಳಿನ ಬುಡದಲ್ಲಿ, ಸಾಸಿವೆಯಷ್ಟು ಒಂದು ಹೊಳಪು. ಅಯ್ಯೋ ಸಾರ್, ಸತೀಶ ಹಣೆ ಚಚ್ಚಿಕೊಂಡ, ತಲೆ ಮಾತ್ರ ಹೊರಗಿದೆ, ಪೂರ್ತಿ ಹೋಗಿದೆ, ನನ್ನದೇ ತಪ್ಪು ಸಾರ್, ನಡೀರಿ ನಡೀರಿ ಅಂದೆ. ನೋವಾಗ್ತಿಲ್ವಾ ಅಪ್ಪಾ, ಅಕ್ಷರಾ ತಲೆಯೆತ್ತಿದಳು, ಅವಳ ಕಣ್ಣಿನಲ್ಲಿ ನೀರು, ಹೇಳು, ನೋವಾಗ್ತಿಲ್ವಾ. ಇದು ಬಲಗಾಲು. ಅವನು ಇನ್ನೊಮ್ಮೆ ನೋಡಿದ, ಎಲ್ಲಿಯಾದರೂ ಎಡ ಬಲ ತಪ್ಪಿದೆಯೋ ಎಂಬಂತೆ, ಶೂ ಇರುವುದು ಎಡಗಾಲು, ಹತ್ತಿ ಇರುವುದು ವಿಭೂತಿ ಇರುವುದು ವಾಸನೆ ಇರುವುದು ಎಡಗಾಲು, ಇದು ಬಲಗಾಲು, ಇದಕ್ಕೆ ಏನೂ ಆಗಿಲ್ಲ, ಇದು ಸರಿ ಇದೆ. ಭಯವಾಯಿತು. ಮೋರಿಕಟ್ಟೆಯ ಮೇಲೆ ಕೂತಾಗ ಬಂದಂಥದ್ದಲ್ಲ, ಚಿಕ್ಕಂದಿನಲ್ಲಿ ಹೊಳೆಯಲ್ಲಿ ಕಾಲು ಊರಲು ಹೋಗಿ ನೆಲ ಸಿಗದಿದ್ದಾಗಿನ ಭಯ. ಅಮ್ಮಂಗೆ ಫೋನ್ ಮಾಡು, ಎಂದ, ತಾನೇ ಹೇಳಿದ್ದೆಂದು ನಂಬಲಾಗಲಿಲ್ಲ, ಆ ಕಾಲಿನ ಶೂನೂ ಬಿಚ್ಚು ಮಗಳೇ, ಅದರಲ್ಲೂ ಇದೆ, ಹನ್ನೊಂದು ದಿನ ಆಯ್ತು, ನಾಳೆ ನೀನು ಹೋಗಬೇಡ, ಅಲ್ಲ, ನೀನು ಹೋಗು, ನಾನು ಬರಲ್ಲ, ಆಗಲ್ಲ. ಅಕ್ಷರಾ ಗುಂಡುಸೂಜಿಯ ತಲೆಯನ್ನು ಉಗುರಿನಲ್ಲಿ ಹಿಡಿದಳು. ಮೊದಲು ಇದನ್ನ ತೆಗೀತೀನಿ, ಎಂದಳು, ನೋವಾಗತ್ತೆ, ಗಟ್ಟಿಯಾಗಿ ಹಿಡ್ಕೋ.

ಅವನು ಸ್ಟೂಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ, ಕಣ್ಣು ಮುಚ್ಚಿದ, ಈ ಸಲ ಪೂರ್ತಿ, ಹಲ್ಲು ಕಚ್ಚಿ ಕಾದ, ಒಂದು ಚಿಟಿಕೆ ನೋವು ಬರಲಿ, ಇರುವೆ ಕಚ್ಚಿದಷ್ಟು, ಅದರ ಅರ್ಧದಷ್ಟು, ಕೂಗಿಬಿಡುತ್ತೇನೆ, ಇಡೀ ದುರ್ಗಿಗುಡಿಗೆ ಕೇಳುವ ಹಾಗೆ ಸಂತೋಷದಿಂದ ಕೂಗಿಬಿಡುತ್ತೇನೆ, ಬರಲಿ, ಈಗ ಬರುತ್ತದೆ, ಇನ್ನೇನು ಬಂತು. ಎಳೆ ಮಗಳೇ, ಯಾಕೆ ತಡ ಮಾಡ್ತೀಯ. ಆವಾಗ್ಲೇ ಎಳೆದೆ ಅಪ್ಪಾ. ಕಣ್ಣು ಬಿಟ್ಟ. ಅವಳ ಅಂಗೈ ಮೇಲೆ ಗುಂಡುಸೂಜಿ. ತುದಿಯಿಂದ ತಲೆಯವರೆಗೆ ಕೆಂಪು. ಕರೆಂಟು ಬಂತು, ಫ್ಯಾನು ತಿರುಗಿತು, ಹಾಡು ಬಿಟ್ಟಲ್ಲಿಂದ ಹಿಡಿಯಿತು, ಸತೀಶ ಏನೋ ಹೇಳುತ್ತಿದ್ದಾನೆ, ಅಂಗೈ ಮೇಲೆ ಗುಂಡುಸೂಜಿ, ತುದಿಯಿಂದ ತಲೆಯವರೆಗೆ ಕೆಂಪು, ತಲೆಯವರೆಗೆ, ಗುಂಡುಸೂಜಿ.